ಹೆಗಲ ಮೇಲಿನ ಅರಸ

ಆ ಊರು ಎಲ್ಲಿತ್ತು ಅಂತ ಕೇಳಬೇಡಿ. ದಾರಿ ಗೊತ್ತಿದ್ದವರು ಅಲ್ಲೇ ಉಳಿದುಬಿಟ್ಟರು, ಗೊತ್ತಿಲ್ಲದವರು ಇನ್ನೂ ನಡೆಯುತ್ತಲೇ ಇದ್ದಾರೆ. ಅಲ್ಲಿನ ಕೆರೆ ಎಷ್ಟು ದೊಡ್ಡದಪ್ಪಾ ಅಂದರೆ, ಈ ದಡದಲ್ಲಿ ನೀರಿಗಿಳಿದ ಎಮ್ಮೆಗರು ಆ ದಡ ಹತ್ತುವ ಹೊತ್ತಿಗೆ ಮೊಮ್ಮಕ್ಕಳನ್ನು ಕಂಡಿರುತ್ತಿತ್ತು. ಅಂಥ ಊರಿಗೆ ಒಬ್ಬ ಅರಸ. ಆ ಅರಸನ ಕಾಲು ನೆಲ ಮುಟ್ಟುವ ಹಾಗಿರಲಿಲ್ಲ.

ಹುಟ್ಟಿದ ಗಳಿಗೆಯಿಂದ ಉಸಿರು ನಿಲ್ಲುವ ಗಳಿಗೆಯ ತನಕ ಮುಟ್ಟುವ ಹಾಗಿಲ್ಲ. ಅರಮನೆಯಲ್ಲಿ ತೂಗುಮಂಚ, ಹೊರಗೆ ಪಲ್ಲಕ್ಕಿ. ಒಂದು ಸಲ ಯಾರೋ, ಹಲಗೆಯ ಮೇಲಾದರೂ ಎರಡು ಹೆಜ್ಜೆ ಹಾಕಲಿ ಪಾಪ ಅಂದರಂತೆ. ಹಿರಿಯರು ಮೂರು ದಿನ ಕೂತು ಯೋಚನೆ ಮಾಡಿ, ಹಲಗೆ ಮರದ್ದು, ಮರ ನೆಲದ್ದು, ಹಾಗಾಗಿ ಹಲಗೆಯೂ ನೆಲವೇ ಅಂತ ತೀರ್ಮಾನ ಕೊಟ್ಟರು. ತೂಗುಮಂಚವೂ ಮರದ್ದೇ ಅಲ್ಲವಾ ಅಂತ ಕೇಳಿದವನನ್ನು ಆಮೇಲೆ ಯಾರೂ ಊಟಕ್ಕೆ ಕರೆಯಲಿಲ್ಲ.

ಇದಕ್ಕೆಲ್ಲ ಮೂಲ ಒಂದು ನುಡಿ. ಊರು ಇನ್ನೂ ಊರಾಗದೆ ಇದ್ದ ಕಾಲದಲ್ಲಿ ಜನ ಬೆಳಗಾದರೆ ತಲೆ ಒಡೆದುಕೊಳ್ಳುತ್ತಿದ್ದರು. ಸಾಕಾಗಿ, ನಮಗೊಬ್ಬ ಅರಸನನ್ನು ಕೊಡು ಅಂತ ದೇವರಲ್ಲಿ ಬೇಡಿಕೊಂಡರು. ಆಗ ಮೊದಲನೆಯ ನುಡಿಯಮ್ಮ ಒಂಬತ್ತು ದಿನ ಬಾಯಿ ಕಟ್ಟಿ, ಎದೆಮಟ್ಟ ಕೆರೆನೀರಿನಲ್ಲಿ ನಿಂತು, ನಡುಮಧ್ಯಾಹ್ನ ದೇವರು ಬಾಯಿಗೆ ಕೊಟ್ಟದ್ದನ್ನು ನುಡಿದಳು. "ನೆಲ ಮುಟ್ಟದವನು ನಿಮ್ಮ ಅರಸ." ಜನ ಹುಡುಕಿದರು. ಎಲ್ಲರ ಕಾಲೂ ಮಣ್ಣಾಗಿತ್ತು. ಕೊನೆಗೆ ಆಲದ ಕೊಂಬೆಗೆ ಕಟ್ಟಿದ ಜೋಲಿಯಲ್ಲಿ ಹನ್ನೆರಡು ದಿನದ ಒಂದು ಕೂಸು ಕಂಡಿತು. ಅದರ ಅಂಗಾಲು ಬೆಣ್ಣೆಯ ಹಾಗಿತ್ತು. ಜೋಲಿಯ ಸಮೇತ ಎತ್ತಿಕೊಂಡರು. ಎತ್ತಿದರು, ಹೊತ್ತರು, ಇಳಿಸಲಿಲ್ಲ.

ಒಬ್ಬ ಅರಸ ತೀರಿಕೊಂಡರೆ ನೆಲ ಮುಟ್ಟದ ಇನ್ನೊಂದು ಕೂಸು, ಹೀಗೇ ನಡೆದು ಬಂತು. ದೇವರ ನುಡಿಗೆ ಜನ ಬಾಲ ಕಟ್ಟಿದರು. ಅರಸನ ಕಾಲು ನೆಲಕ್ಕೆ ತಾಗಿದರೆ ಅವನು ಅರಸನಲ್ಲ ಅಂತ ಒಬ್ಬ ಹೇಳಿದ. ಅರಸನಿಲ್ಲದ ಊರನ್ನು ನೆಲ ಬಾಯಿ ತೆರೆದು ನುಂಗುತ್ತದೆ ಅಂತ ಅವನ ಮಗ ಹೇಳಿದ. ಮೊಮ್ಮಗ ಹೇಳುವ ಹೊತ್ತಿಗೆ ನೆಲದ ಬಾಯಿಗೆ ಹಲ್ಲು ಬಂದಿದ್ದವು.

ಪಲ್ಲಕ್ಕಿ ಹೊರುವವರು ನಾಲ್ವರು, ಅವರನ್ನು ಹೆಗಲಾಳುಗಳು ಅನ್ನುತ್ತಿದ್ದರು. ಅವರಲ್ಲಿ ಮುಂದಿನ ಬಲಗಡೆಯ ದಂಡಿಗೆ, ಅಂದರೆ ಹೊರುವ ಕೋಲು, ಹಿರಿ ಹೆಗಲಾಳಿನದು. ನಮ್ಮ ಕಥೆ ಇವನದೇ. ಮೂವತ್ತು ವರ್ಷ ಹೊತ್ತಿದ್ದ. ಹೊತ್ತು ಹೊತ್ತು ಅವನ ಬಲಹೆಗಲ ಮೇಲೆ ಎದ್ದಿದ್ದ ಗಂಟು ಎಂಥದೆಂದರೆ, ಒಂದು ಮರಕುಟಿಗ ಬಂದು ಕುಕ್ಕಿ ಕೊಕ್ಕು ಮುರಿದುಕೊಂಡು ಅಳುತ್ತಾ ಹೋಯಿತು. ಇವನೂ ಕಡಿಮೆ ಆಸಾಮಿಯಲ್ಲ. ತಾನು ಆಕಳಿಸಿದರೆ ಅರಸ ತೂಕಡಿಸುತ್ತಾನೆ, ತಾನು ಎಡವಿದರೆ ಊರಿನ ಅರ್ಧ ಮನೆ ಉರುಳುತ್ತವೆ ಅಂತ ಹೇಳಿಕೊಂಡು ತಿರುಗುತ್ತಿದ್ದ. ಜನ ನಗುತ್ತಿದ್ದರು, ಆದರೆ ಅವನು ಬಂದರೆ ಜಗಲಿಯ ಮೇಲೆ ಜಾಗ ಬಿಡುತ್ತಿದ್ದರು.

ಹೆಗಲಾಳುಗಳಿಗೆ ಒಂದು ಕಟ್ಟು ಇತ್ತು. ಅರಸನ ಭಾರ ಎಷ್ಟು ಅಂತ ಬಾಯಿ ಬಿಡಬಾರದು. ಊರಲ್ಲಿ ಅರ್ಧ ಜನ, ದೇವರು ಆರಿಸಿದವನಿಗೆ ಭಾರ ಎಲ್ಲಿಂದ ಬರಬೇಕು, ಅವನು ಹತ್ತಿಯಷ್ಟು ಹಗುರ ಅನ್ನುತ್ತಿದ್ದರು. ಇನ್ನರ್ಧ ಜನ, ಊರನ್ನೇ ಹೊತ್ತವನು ಬೆಟ್ಟದಷ್ಟು ಭಾರ ಇರಲೇಬೇಕು ಅನ್ನುತ್ತಿದ್ದರು. ನಿಜ ಗೊತ್ತಿದ್ದವರು ನಾಲ್ವರೇ. ಅದಕ್ಕೇ ಯಾವ ಹೆಗಲಾಳಿಗೆ ಕೈಲಾಗದೆ ಹೋಯಿತೋ, ಅವತ್ತೇ ಅವನು ಮನೆಮಂದಿಯ ಸಮೇತ ಗಡಿಕಲ್ಲು ದಾಟಿ ಹೋಗಬೇಕು. ಹಾಗೆ ಹೋದವರಲ್ಲಿ ಒಬ್ಬರೂ ತಿರುಗಿ ಬಂದದ್ದಿಲ್ಲ.

ನುಡಿಯಮ್ಮ ವರ್ಷಕ್ಕೊಂದು ದಿನ ಕೆರೆಗಿಳಿದು ಒಂದೇ ಒಂದು ಮಾತು ನುಡಿಯುತ್ತಿದ್ದಳು. ಒಬ್ಬಳು ಹೋದರೆ ಇನ್ನೊಬ್ಬಳು, ತಲೆತಲಾಂತರ. ಅವಳ ಮಾತು ಸುಳ್ಳಾದದ್ದೇ ಇಲ್ಲ. ಯಾಕೆ ಸುಳ್ಳಾಗಲಿಲ್ಲ ಅಂತೀರಿ? ಜನ ಸುಳ್ಳಾಗಲು ಬಿಡುತ್ತಿರಲಿಲ್ಲ. ಒಂದು ವರ್ಷ ಅವಳು ಕೆಂಪು ಕರು ಹುಟ್ಟುತ್ತದೆ ಅಂದಳು. ಯಾವ ದನವೂ ಕೆಂಪು ಈಯಲಿಲ್ಲ. ವರ್ಷದ ಕೊನೆಗೆ ಊರವರು ಒಂದು ಬಿಳಿ ಕರುವನ್ನು ಹಿಡಿದು ಮೈತುಂಬಾ ಕೆಮ್ಮಣ್ಣು ಬಳಿದು ಕೈಮುಗಿದರು. ಇನ್ನೊಂದು ವರ್ಷ ಪಡುವಣ ಕೋಟೆಗೋಡೆ ಬೀಳುತ್ತದೆ ಅಂದಳು. ಕೊನೆಯ ದಿನದವರೆಗೂ ಗೋಡೆ ಕದಲಲಿಲ್ಲ. ಆಗ ಗಂಡಸರು, ಹೆಂಗಸರು, ಹಾರುವ ಕೋಳಿ ಸಮೇತ ಸೇರಿ ನೂಕಿ ಬೀಳಿಸಿದರು. ಆರು ಜನರ ಪಕ್ಕೆ ಮುರಿಯಿತು, ಎಲ್ಲರೂ ನೆಮ್ಮದಿಯಾಗಿ ಮನೆಗೆ ಹೋದರು. ನುಡಿ ನಿಂತರೆ ಅರಸ ನಿಂತ, ನುಡಿ ಬಿದ್ದರೆ ಅರಸ ಬಿದ್ದ. ಅರಸನನ್ನು ಕೊಟ್ಟದ್ದೇ ನುಡಿ ತಾನೇ.

ಹೀಗಿರುವಾಗ ಆ ವರ್ಷ ನುಡಿಯಮ್ಮ ಎದೆಮಟ್ಟ ನೀರಿನಲ್ಲಿ ನಿಂತಳು. ಮೂರು ಬೊಗಸೆ ನೀರು ಎತ್ತಿ ಬಿಟ್ಟಳು. ಮುದುಕಿಯ ದನಿ, ಆದರೂ ದಂಡೆಯ ಕೊನೆಯಲ್ಲಿದ್ದ ಕಿವುಡನಿಗೂ ಕೇಳಿಸಿತು.

"ಈ ವರ್ಷ ಅರಸನ ಕಾಲು ನೆಲ ಮುಟ್ಟುತ್ತದೆ."

ಕೊಂಬು ಊದುವವನ ಉಸಿರು ಕೊಂಬಿನಲ್ಲೇ ಉಳಿಯಿತು. ಹಿರಿ ಹೆಗಲಾಳಿಗೆ ದಂಡಿಗೆ ಒಂದು ಗೇಣು ತಗ್ಗಿದ ಹಾಗಾಯಿತು, ಆದರೆ ತಗ್ಗಲು ಅವನು ಬಿಡಲಿಲ್ಲ. ನುಡಿ ನಿಜವಾದರೆ ಅರಸ ಅರಸನಲ್ಲ, ನೆಲ ಬಾಯಿ ತೆರೆಯುತ್ತದೆ. ನುಡಿ ಸುಳ್ಳಾದರೆ ಹಿಂದಿನ ನುಡಿಗಳೂ ಸುಳ್ಳು, ಆಗಲೂ ಅರಸ ಅರಸನಲ್ಲ. ಆ ಕಡೆ ಹುಲಿ, ಈ ಕಡೆ ಕೆರೆ.

ಮಂತ್ರಿ ಎಂಬವನು ಬುದ್ಧಿವಂತ. ಕೆಟ್ಟವನಲ್ಲ, ಹೆದರಿಕೆಯವನು ಅಷ್ಟೆ. ತಿಂಗಳಿಗೊಮ್ಮೆ ಹುಣ್ಣಿಮೆಯ ಬೆಳಿಗ್ಗೆ ಅರಸನನ್ನು ಊರ ಸುತ್ತ ಹೊತ್ತು ತಿರುಗಿಸುವುದು ಪದ್ಧತಿ. ಅದನ್ನು ನಿಲ್ಲಿಸುವಂತಿಲ್ಲ. ಅದಕ್ಕೆ ಅವನು ಹನ್ನೆರಡು ಜನರನ್ನು ಪಲ್ಲಕ್ಕಿಯ ಕೆಳಗೆ ಕಂಬಳಿ ಬಿಡಿಸಿಕೊಂಡು ನಡೆಯಲು ಹಚ್ಚಿದ. ಅರಸ ಬಿದ್ದರೆ ಕಂಬಳಿಗೆ ಬೀಳಲಿ ಅಂತ. ಹನ್ನೆರಡು ಜನ ಬಗ್ಗಿ ಬಗ್ಗಿ ನಡೆದು, ವರ್ಷ ಕಳೆಯುವುದರಲ್ಲಿ ಅವರ ಬೆನ್ನುಗಳು ಕುಡುಗೋಲಾದವು.

ಎಂಟನೆಯ ತಿಂಗಳ ಹುಣ್ಣಿಮೆಗೆ ಹಿರಿ ಹೆಗಲಾಳಿನ ಬಲಮಂಡಿ ಕಟ್ ಅಂದಿತು. ನೋವು ತೊಡೆಗೆ ಏರಿತು. ಅವನು ಹಲ್ಲು ಕಚ್ಚಿ ನಡೆದ. ಪಲ್ಲಕ್ಕಿಯ ಪರದೆಯ ಒಳಗಿಂದ ಅರಸ ಮೆಲ್ಲಗೆ ಅದೇನು ಸದ್ದು ಅಂತ ಕೇಳಿದ. ದಂಡಿಗೆ ಹಳೇದು ಬುದ್ಧಿ, ಒಣಗಿದ ಮರ, ಅಂದ ಇವನು. ಒಂಬತ್ತನೆಯ ಹುಣ್ಣಿಮೆಗೂ ಸದ್ದಾಯಿತು, ಇವನೂ ಅದನ್ನೇ ಹೇಳಿದ. ಹತ್ತನೆಯದಕ್ಕೆ ಅರಸ ಪರದೆ ಸರಿಸಿ ಬಗ್ಗಿದ.

"ಅಲ್ಲಯ್ಯ ಹಿರೀಕ, ಒಣಗಿದ ಮರ ಕುಂಟುತ್ತಾ?"

ಅರಸ ಯಾರಿಗೂ ಹೇಳಲಿಲ್ಲ. ಅವನು ಎಂಟು ವರ್ಷದವನಿದ್ದಾಗಿನಿಂದ ಈ ಹೆಗಲ ಮೇಲೇ ಬೆಳೆದವನು. ಈ ಕತ್ತು, ಈ ಕಿವಿಯ ಹಿಂದಿನ ಮಚ್ಚೆ, ಇವನ್ನು ನೋಡಿಕೊಂಡೇ ಮೀಸೆ ಬಂದದ್ದು. ಹೊಸಿಲು ತುಳಿಯದ ಗಂಡಿಗೆ ಹೆಣ್ಣು ಕೊಡುವವರಿಲ್ಲದೆ ಹೆಂಡತಿ ಮಕ್ಕಳೂ ಇರಲಿಲ್ಲ. ಅವನ ಕಾಲುಗಳು ನುಗ್ಗೆಕಾಯಿಯಷ್ಟೇ ದಪ್ಪ. ಆಗಾಗ ಪರದೆಯ ಒಳಗಿಂದ, ನೆಲ ಹೇಗಿರುತ್ತದೆ ಅಂತ ಕೇಳುತ್ತಿದ್ದ. ಹಿರಿ ಹೆಗಲಾಳು ಬಡಾಯಿಯವನಾದರೂ ಆ ಒಂದು ಪ್ರಶ್ನೆಗೆ ಯೋಚಿಸಿ ಉತ್ತರ ಕೊಡುತ್ತಿದ್ದ. ಬೆಳಿಗ್ಗೆ ತಣ್ಣಗಿರುತ್ತದೆ ಬುದ್ಧಿ, ಮಧ್ಯಾಹ್ನ ಬೈಯುತ್ತದೆ, ಸಂಜೆ ಮುನಿಸು ಬಿಡುತ್ತದೆ, ಅನ್ನುತ್ತಿದ್ದ. ಅರಸ ಅದನ್ನು ಒಳಗೇ ಹೇಳಿ ಹೇಳಿಕೊಳ್ಳುವುದು ಕೇಳಿಸುತ್ತಿತ್ತು.

ಹನ್ನೊಂದನೆಯ ತಿಂಗಳ ಕೊನೆಗೆ ಹಿರಿ ಹೆಗಲಾಳಿನ ಮಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ತಾಯಿ ಇಲ್ಲದ ಹುಡುಗಿ. ಹಡೆದು, ತೊಟ್ಟಿಲು ಕಟ್ಟಿ, ಕೂಸಿಗೆ ಎಣ್ಣೆ ಒತ್ತುತ್ತಾ ಕೂತವಳು ಅಪ್ಪನ ನಡಿಗೆ ನೋಡಿ ಹಿಡಿದುಬಿಟ್ಟಳು. ಮಂಡಿಗೆ ಬಿಸಿ ಹರಳೆಣ್ಣೆ ಹಚ್ಚಿ, ಎಕ್ಕದ ಎಲೆ ಕಟ್ಟಿ, ಇದು ಎಷ್ಟು ದಿನ ಮುಚ್ಚಿಡಲಿಕ್ಕಾಗುತ್ತೆ ಅಂತ ಕೇಳಿದಳು. ಅವನು, ತನ್ನ ಮಂಡಿ ಒಂದು ಆನೆಯನ್ನು ಎಬ್ಬಿಸಿದ ಮಂಡಿ ಅಂತ ಶುರುಮಾಡಿದ. ಅವಳು ಎಲೆಯ ಮೇಲಿನ ಬಟ್ಟೆಯನ್ನು ಇನ್ನೂ ಒಂದು ಸುತ್ತು ಬಿಗಿದಳು. ಅವನು ತೊಟ್ಟಿಲ ಕಡೆ ನೋಡಿದ. ಹಸಿ ಬಾಣಂತಿಯನ್ನೂ ಕೂಸನ್ನೂ ಕರೆದುಕೊಂಡು ಗಡಿಕಲ್ಲು ದಾಟುವುದು ಹೇಗೆ? ಎಲ್ಲಿಗೆ? ದಂಡಿಗೆ ಜಾರಿ ಅರಸ ಬಿದ್ದರಂತೂ ದಾಟಲು ಗಡಿಕಲ್ಲೇ ಇರುವುದಿಲ್ಲ, ಊರನ್ನೆಲ್ಲ ನೆಲ ನುಂಗಿರುತ್ತದೆ. ಅವನಿಗೆ ಉಳಿದದ್ದು ಒಂದೇ ದಾರಿ. ನುಡಿಯಮ್ಮನ ಕಾಲು ಹಿಡಿದು, ನುಡಿ ವಾಪಸ್ಸು ತೆಗೆದುಕೋ ಅಂತ ಕೇಳುವುದು.

ನುಡಿಯಮ್ಮ ಕೆರೆಯೇರಿಯ ಗುಡಿಸಲ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಇವನು ಬಂದದ್ದಕ್ಕೆ ಒಂದು ಹಿಡಿ ಅವನ ಮುಂದೂ ಹಾಕಿದಳು. ಅವನು ಸುಲಿಯುತ್ತಲೇ ಎಲ್ಲ ಹೇಳಿಕೊಂಡ. ಮಂಡಿ, ಮಗಳು, ಕೂಸು, ನೆಲದ ಹಲ್ಲು.

"ಹಲ್ಲು ಅಂತ ನಾನು ಯಾವತ್ತು ಅಂದೆ ಮಗಾ? ನಂಗೇ ಹಲ್ಲಿಲ್ಲ" ಅಂದಳು ಮುದುಕಿ. "ಬಾಯಿಗೆ ಬಂದಷ್ಟು ನುಡೀತೀನಿ. ನಾನು ಮಳೆ ಬರ್ತದೆ ಅಂದ್ರೆ ಕೊಡ ಹೊತ್ತುಕೊಂಡು ಮಾಳಿಗೆ ಹತ್ತಿ ನೀರು ಸುರಿಯೋರು ನೀವು. ನನ್ನ ಒಂದು ಮಾತನ್ನಾದ್ರೂ ಹಣ್ಣಾಗೋಕೆ ಬಿಟ್ಟಿದ್ದೀರಾ? ಕಾಯಿಗೇ ಬಣ್ಣ ಬಳಿದು ಉಂಡ್ರಿ."

ಹಾಗಾದರೆ ನುಡಿ ತಾನಾಗಿ ನಿಜವಾಗುತ್ತದಾ ಅಂತ ಇವನು ಕೇಳಿದ. ತನಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ, ಇಷ್ಟು ವರ್ಷದಲ್ಲಿ ಯಾರೂ ಕೈಕಟ್ಟಿ ಕೂತು ನೋಡಿಲ್ಲವಲ್ಲ ಅಂದಳು. ಆಮೇಲೆ ಅವನು ಸುಲಿದ ಕಾಳಿನಲ್ಲಿ ಹುಳುಕನ್ನು ಆರಿಸಿ ತೆಗೆದು, ಕಣ್ಣು ಮಂಜಾಗಿದೆಯೇನೋ ನಿಂಗೆ ಅಂತ ಬೈದು ಕಳಿಸಿದಳು.

ಅಷ್ಟರಲ್ಲಿ ಮಂತ್ರಿಗೆ ಉಪಾಯ ಹೊಳೆದಿತ್ತು. ಅರಸ ನೆಲಕ್ಕೆ ಇಳಿಯುವುದು ಬೇಡ, ನೆಲವೇ ಅರಸನ ಹತ್ತಿರ ಏರಲಿ. ವರ್ಷದ ಕೊನೆಯ ದಿನ ಕೆರೆಯ ದಂಡೆಯಲ್ಲಿ, ಊರೆಲ್ಲ ನೋಡುತ್ತಿರುವಾಗ, ಬೆಳ್ಳಿತಟ್ಟೆಯಲ್ಲಿ ಒಂದು ಹಿಡಿ ಮಣ್ಣು ತುಂಬಿ ಮೇಲೆತ್ತಿ ಅರಸನ ಅಂಗಾಲಿಗೆ ತಾಗಿಸುವುದು. ನುಡಿಯೂ ನಡೆಯಿತು, ಅರಸನೂ ಉಳಿದ. ಊರಿಗೆ ಊರೇ ಉಸಿರು ಬಿಟ್ಟಿತು. ಆ ಉಸಿರಿಗೆ ಮೂರು ಹುಲ್ಲಿನ ಬಣವೆ ಹಾರಿಹೋದವು ಅನ್ನುತ್ತಾರೆ, ಎರಡು ಅಂತಲೇ ಇಟ್ಟುಕೊಳ್ಳೋಣ. ಹಿರಿ ಹೆಗಲಾಳಿಗೂ ಜೀವ ಬಂತು. ಇನ್ನೊಂದೇ ದಿನ. ಆ ಒಂದು ದಿನ ಮಂಡಿ ತಡೆದುಕೊಂಡರೆ ಸಾಕು.

ಕೊನೆಯ ದಿನ ಬಂತು. ನುಡಿಯಮ್ಮ ಹೊಸ ವರ್ಷದ ನುಡಿಗಾಗಿ ಎದೆಮಟ್ಟ ನೀರಿನಲ್ಲಿ ನಿಂತಿದ್ದಳು. ದಂಡೆಯ ಮೇಲೆ ಜನವೋ ಜನ. ಮಗಳು ಮೂರು ವಾರದ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಮುಂದಿನ ಸಾಲಿಗೇ ಬಂದು ನಿಂತಿದ್ದಳು, ಅಪ್ಪನ ಮಂಡಿಯ ಮೇಲೇ ಕಣ್ಣು. ಪಲ್ಲಕ್ಕಿ ಬಂತು. ಹೊತ್ತರು, ನಡೆದರು, ನಿಂತರು, ಇಳಿಸಲಿಲ್ಲ. ಮಂತ್ರಿ ಬೆಳ್ಳಿತಟ್ಟೆ ಎತ್ತಿ ಹಿಡಿದ. ಅರಸನಿಗೆ ಒಗ್ಗಲಿ ಅಂತ ಆ ಮಣ್ಣನ್ನು ಏಳು ಸಲ ಜರಡಿ ಹಿಡಿದು, ಹಾಲಿನಲ್ಲಿ ತೊಳೆದು, ಒಣಗಿಸಿ, ಗಂಧ ಬೆರೆಸಿದ್ದರು. ಪರದೆ ಸರಿಯಿತು. ಅರಸನ ಬಿಳಿಚಿದ ಪಾದ ಹೊರಗೆ ಬಂತು. ಜನ ಅದನ್ನು ನೋಡಿದ್ದು ಅದೇ ಮೊದಲು. ಪಾದ ತಟ್ಟೆಯ ಮೇಲೆ ಕೂತಿತು, ಬೆರಳುಗಳು ಒಂದು ಸಲ ಮಡಚಿ ಬಿಚ್ಚಿದವು.

"ಇದು ನೆಲ ಅಲ್ಲ ಮಂತ್ರಿಗಳೇ. ಹಿಟ್ಟು" ಅಂದ ಅರಸ.

ಮಂತ್ರಿ ತಟ್ಟೆಯ ಮರೆಯಲ್ಲಿ, ಜನ ನೋಡುತ್ತಿದ್ದಾರೆ ಬುದ್ಧಿ, ಮುಟ್ಟಿತು ಅಂದುಬಿಡಿ ಅಂತ ಬೇಡಿಕೊಂಡ. ಅರಸ ಪಾದವನ್ನು ತಟ್ಟೆಯಿಂದ ಎತ್ತಿಕೊಂಡ. ಬಿಸಿಲು ನೆತ್ತಿಗೆ ಬಂದಿತ್ತು. ಆ ಹೊತ್ತಿಗೇ ಸರಿಯಾಗಿ ಹಿರಿ ಹೆಗಲಾಳಿನ ಮಂಡಿ ನಡುಗಲು ಹತ್ತಿತು. ದಂಡಿಗೆ ನಡುಗಿತು, ಪಲ್ಲಕ್ಕಿಯ ಗೊಂಡೆಗಳು ನಡುಗಿದವು. ಅರಸ ಮುಂದಕ್ಕೆ ಬಗ್ಗಿ, ಎಲ್ಲರಿಗೂ ಕೇಳಿಸುವ ಹಾಗೆ ಕೇಳಿದ.

"ಹಿರೀಕ, ನಾನು ಎಷ್ಟು ಭಾರ ಇದ್ದೀನಿ?"

ಹೆಗಲಾಳು ಬಾಯಿ ಬಿಡಬಾರದ ಮಾತು ಅದು. ಬಿಟ್ಟರೆ ಗಡಿಕಲ್ಲು. ಅವನು ಮಗಳ ಮುಖ ನೋಡಿದ. ಅವಳು ಕೂಸನ್ನು ಎದೆಗೆ ಒತ್ತಿಕೊಂಡಿದ್ದಳು, ಆದರೆ ಬೇಡ ಅಂತ ತಲೆಯಾಡಿಸಲಿಲ್ಲ. ಬಾಯಿ ತೆರೆದರೆ ಬೆಟ್ಟ, ಆನೆ, ಸಿಡಿಲು ಅನ್ನುತ್ತಿದ್ದ ಮನುಷ್ಯನಿಗೆ ಆ ಗಳಿಗೆಯಲ್ಲಿ ಒಂದು ಸುಳ್ಳೂ ಹೊಳೆಯಲಿಲ್ಲ.

"ಒಬ್ಬ ಮನುಷ್ಯ ಎಷ್ಟಿರ್ತಾನೋ ಅಷ್ಟು, ಬುದ್ಧಿ. ನನ್ನ ಅಳಿಯನಿಗಿಂತ ಒಂದು ಸೇರು ಕಮ್ಮಿ."

ಹತ್ತಿ ಅಂದವರು ಬೆಟ್ಟ ಅಂದವರ ಮುಖ ನೋಡಿದರು.

"ಹಾಗಾದ್ರೆ ಇಳಿಸು" ಅಂದ ಅರಸ.

ಮೂವತ್ತು ವರ್ಷ ಹೊತ್ತವನಿಗೆ ಇಳಿಸುವುದು ಹೇಗೆ ಅಂತ ಗೊತ್ತಿರಲಿಲ್ಲ ನೋಡಿ. ಉಳಿದ ಮೂವರಿಗೂ ಗೊತ್ತಿರಲಿಲ್ಲ. ಯಾವ ಕಾಲು ಮೊದಲು ಮಡಿಸಬೇಕು, ಉಸಿರು ಯಾವಾಗ ಬಿಡಬೇಕು, ಅವರ ಮೈಗೆ ಆ ಪಾಠವೇ ಇರಲಿಲ್ಲ. ಹಿರಿ ಹೆಗಲಾಳು ಒಳ್ಳೆಯ ಮಂಡಿಯನ್ನು ಮೊದಲು ಮಡಿಸಿದ. ಮೂವರು ಅವನನ್ನು ನೋಡಿ ಮಡಿಸಿದರು. ಕೆಳಗಿದ್ದ ಕಂಬಳಿಯವರು ಹಾವು ಕಂಡವರ ಹಾಗೆ ಹಾರಿ ದೂರ ಸರಿದರು. ದಂಡಿಗೆ ಎದೆಗೆ ಬಂತು, ಸೊಂಟಕ್ಕೆ ಬಂತು, ಮೊಣಕಾಲಿಗೆ ಬಂತು. ಪಲ್ಲಕ್ಕಿ ನೆಲದ ಮೇಲೆ ಕೂತಿತು. ಅರಸ ಎರಡೂ ಕಾಲು ಹೊರಗೆ ಹಾಕಿ, ಕೆರೆಯಂಚಿನ ಹಸಿಮಣ್ಣಿನಲ್ಲಿ ಇಟ್ಟ.

ಜನರೆಲ್ಲ ಕಣ್ಣು ಮುಚ್ಚಿ ಸಿಕ್ಕಿದ್ದನ್ನು ಅಪ್ಪಿಕೊಂಡರು. ಕೆಲವರು ಮರ, ಕೆಲವರು ಕಂಬ, ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ಅತ್ತೆ ಸೊಸೆ ಒಬ್ಬರನ್ನೊಬ್ಬರು. ಹೀಗೇ ಕಾದರು. ಒಂದು ವೀಳ್ಯ ಜಗಿದು ಉಗಿಯುವಷ್ಟು ಹೊತ್ತು ಕಾದರು. ನೆಲ ಬಾಯಿ ತೆರೆಯಲಿಲ್ಲ. ಅರಸ ಮಾತ್ರ ಬಾಯಿ ತೆರೆದ. ಮುಳ್ಳು ಚುಚ್ಚಿತ್ತು. ಅಂಗಾಲಿನಿಂದ ಒಂದು ಹನಿ ರಕ್ತ ಬಂದಿತ್ತು, ಅದು ಎಲ್ಲರದ್ದರ ಹಾಗೇ ಕೆಂಪಗಿತ್ತು. ಅರಸ ಹೊಸ ಅಳಿಯನ ಹಾಗೆ ನಾಚಿಕೊಂಡು ನಕ್ಕ.

ಕಣ್ಣು ತೆರೆದವರಲ್ಲಿ ಮಂತ್ರಿಯೇ ಮೊದಲು. ನುಡಿ ನಡೆದುಹೋಯಿತು, ಅಂದ. ಇವನ ಕಾಲು ನೆಲ ಮುಟ್ಟಿತು, ಇವನು ಇನ್ನು ಅರಸನಲ್ಲ. ನೆಲಕ್ಕೆ ಇನ್ನೂ ಸುದ್ದಿ ಮುಟ್ಟಿಲ್ಲ, ಮುಟ್ಟುವುದರೊಳಗೆ ಇನ್ನೊಬ್ಬ ಬೇಕು. ನೆಲ ಮುಟ್ಟದವನು ನಿಮ್ಮ ಅರಸ. ಹಾಗೆ ಅನ್ನುತ್ತಾ ಅವನ ಕಣ್ಣು ಸಾಲು ಸಾಲು ಜನರ ಕಾಲುಗಳ ಮೇಲೆ ಹರಿದು, ಕೊನೆಗೆ ಮಗಳ ಸೆರಗಿನೊಳಗಿನ ಕೂಸಿನ ಮೇಲೆ ನಿಂತಿತು. ಎರಡು ಪುಟ್ಟ ಅಂಗಾಲು ಹೊರಗೆ ಕಾಣುತ್ತಿದ್ದವು.

ಮಂತ್ರಿ ಹಿರಿ ಹೆಗಲಾಳಿನ ಹತ್ತಿರ ಬಂದು ತೋಳು ಹಿಡಿದ.

"ಹಿರಿಯ, ನೀನು ಗಡಿ ದಾಟೋದು ಬೇಡ. ಅರಸನ ತಾತ ಆಗ್ತೀಯ. ಹೊರೋಕೆ ಬೇರೆಯವರು ಬರ್ತಾರೆ, ನೀನು ಪಕ್ಕದಲ್ಲಿ ಕೂರು."

ಸುಳ್ಳು ಯಾಕೆ ಹೇಳಬೇಕು, ಹಿರಿ ಹೆಗಲಾಳಿಗೆ ಒಂದು ಗಳಿಗೆ ಆಸೆಯಾಯಿತು. ತಲೆಗೆ ಜರಿಯ ರುಮಾಲು, ಜಗಲಿಯ ಮೇಲೆ ಜಾಗ ಕೇಳುವುದಿರಲಿ, ಜಗಲಿಯೇ ತನ್ನದು. ಹೇಳಿಕೊಳ್ಳಲು ಏಳು ಜನ್ಮಕ್ಕಾಗುವಷ್ಟು ಕಥೆ. ಅವನು ಕೂಸನ್ನು ನೋಡಿದ. ಆಮೇಲೆ ಮಣ್ಣಿನಲ್ಲಿ ಕೂತಿದ್ದ ಅರಸನ ಮೊಣಕಾಲುಗಳನ್ನು ನೋಡಿದ. ಮೂವತ್ತು ವರ್ಷ ತಾನು ಅಷ್ಟು ಜೋಪಾನವಾಗಿ ಹೊತ್ತ ಕಾಲು. ಹೊತ್ತದ್ದಕ್ಕೇ ಹಾಗಾದ ಕಾಲು.

ಅವನು ಮಗಳ ಮುಂದೆ ಕೈ ಚಾಚಿದ. ಮಂತ್ರಿಯ ಕೈಗೆ ಕೊಡುತ್ತಾನೆ ಅಂದುಕೊಂಡು ಅವಳು ಹಿಂದೆ ಸರಿದಳು, ಅಪ್ಪಾ ಅಂದಳು ಸಣ್ಣಗೆ.

"ಕೊಡವ್ವಾ" ಅಂದ. "ನಿಮ್ಮಪ್ಪ ಕಣವ್ವ."

ಕೊಟ್ಟಳು. ಅವನು ಎರಡೂ ಮಂಡಿ ಊರಿ ಕೂತ. ಬಲಮಂಡಿಯ ಸದ್ದು ಈ ಸಲ ಊರಿಗೆಲ್ಲ ಕೇಳಿಸಿತು. ಕೂಸಿನ ಕಂಕುಳಿಗೆ ಕೈ ಕೊಟ್ಟು, ಅದರ ಎರಡು ಅಂಗಾಲನ್ನು ಹಸಿಮಣ್ಣಿಗೆ ಮುಟ್ಟಿಸಿದ. ಕೂಸು ತಂಪು ತಾಗಿ ಕಾಲು ಮೇಲಕ್ಕೆ ಎಳೆದುಕೊಂಡಿತು. ಆಮೇಲೆ ತಾನಾಗಿಯೇ ಚಾಚಿ ಒತ್ತಿತು.

ಮಂತ್ರಿ ಬೇರೆ ಕೂಸು ಹುಡುಕಲು ತಿರುಗಿದ. ಅಷ್ಟರಲ್ಲಿ ಪಕ್ಕದ ಹೆಂಗಸು ತನ್ನ ಮಗುವನ್ನು ಸೊಂಟದಿಂದ ಇಳಿಸಿ ಮಣ್ಣಿಗೆ ಮುಟ್ಟಿಸಿದ್ದಳು. ಅವಳ ಪಕ್ಕದವಳೂ ಮುಟ್ಟಿಸಿದಳು. ದಂಡೆಯ ಉದ್ದಕ್ಕೂ ತಾಯಂದಿರು ಬಗ್ಗಿದರು, ಮುಟ್ಟಿಸಿದರು, ಎತ್ತಿಕೊಂಡರು. ಜೋಲಿಗಳಲ್ಲಿದ್ದವನ್ನು ಮನೆಗೆ ಓಡಿಹೋಗಿ ತಂದು ಮುಟ್ಟಿಸಿದರು. ಅವತ್ತು ಎಷ್ಟು ಕೂಸುಗಳು ಅತ್ತವು ಅಂದರೆ ಕೆರೆಯ ನೀರು ಒಂದು ಗೇಣು ಏರಿ ನುಡಿಯಮ್ಮನ ಗದ್ದಕ್ಕೆ ಬಂತು. ಊರಲ್ಲಿ ನೆಲ ಮುಟ್ಟದವರು ಅಂತ ಒಬ್ಬರೂ ಉಳಿಯಲಿಲ್ಲ.

ಮಂತ್ರಿ ಖಾಲಿ ಪಲ್ಲಕ್ಕಿಯ ಪಕ್ಕ ಕುಸಿದು ಕೂತ. ಈಗ ಎಲ್ಲರ ಮುಖವೂ ನೀರಿನ ಕಡೆ. ಹೊಸ ನುಡಿಯ ಹೊತ್ತು. ಮುದುಕಿ ಮೂರು ಬೊಗಸೆ ನೀರು ಎತ್ತಿ ಬಿಟ್ಟಳು. ಹೊಟ್ಟೆ ಹಸೀತಿದೆ, ಅಂದಳು. ಅರ್ಧ ಜನ, ಹೊಟ್ಟೆ ಹಸಿಸಬೇಕಂತೆ ಅಂತ ಆಗಲೇ ಮನೆಯ ಒಲೆ ಆರಿಸಲು ಹೊರಟರು. ಅದು ನುಡಿಯಲ್ಲ ಕಣ್ರೋ, ನನ್ನ ಹೊಟ್ಟೆ, ಅಂತ ಮುದುಕಿ ಬೈದು ವಾಪಸ್ಸು ಕರೆದಳು. ಸೀರೆ ಹಿಂಡಿಕೊಳ್ಳುತ್ತಾ ದಡ ಹತ್ತಿದಳು.

"ಬಾಯಿಗೆ ಏನೂ ಬಂದಿಲ್ಲ ಮಕ್ಳಾ. ನೀವೇನು ಮಾಡ್ತೀರಿ ಅಂತ ಆ ದೇವರೂ ನೋಡ್ತಾ ಕೂತಿರ್ಬೇಕು."

ಯಾರಿಗೂ ಏನು ಮಾಡಬೇಕೋ ತೋಚಲಿಲ್ಲ. ಕೊನೆಗೆ ಇಬ್ಬರು ಒಕ್ಕಲಿನವರು ಮುಂದೆ ಬಂದರು. ಹೊಲದ ಬದುವಿಗಾಗಿ ಹನ್ನೊಂದು ವರ್ಷದಿಂದ ಜಗಳ ಆಡುತ್ತಿದ್ದವರು. ಅರಸರು ಒಂದು ಸಲವೂ ಬಂದು ಬದು ನೋಡಿದ್ದಿಲ್ಲ, ಪಲ್ಲಕ್ಕಿ ಗದ್ದೆಯೊಳಗೆ ಇಳಿಯುವುದಿಲ್ಲವಲ್ಲ. ಈಗ ಹೇಗೂ ಕಾಲು ಮಣ್ಣಾಗಿದೆ, ಬಂದು ನೋಡುತ್ತೀರಾ ಅಂತ ಕೇಳಿದರು. ಅವನು ಅರಸನೋ ಅಲ್ಲವೋ ಅಂತ ಯಾರಿಗೂ ಗೊತ್ತಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ. ಬರ್ತೀನಿ, ಅಂದ.

ಆ ಹೊಲ ಕಲ್ಲು ಬೀಸಿದರೆ ಬೀಳುವಷ್ಟು ದೂರ. ಹೋಗಲು ಮಧ್ಯಾಹ್ನದಿಂದ ಸಂಜೆಯಾಯಿತು. ಅರಸ ಹಿರಿ ಹೆಗಲಾಳಿನ ಹೆಗಲಿಗೆ ಕೈ ಹಾಕಿದ್ದ, ಹಿರಿ ಹೆಗಲಾಳು ಅರಸನ ಸೊಂಟ ಹಿಡಿದಿದ್ದ, ಯಾರನ್ನು ಯಾರು ನಡೆಸುತ್ತಿದ್ದಾರೆ ಅನ್ನುವುದು ಹೇಳುವಂತಿರಲಿಲ್ಲ. ಊರೆಲ್ಲ ಅವರ ಹೆಜ್ಜೆಗೆ ಹೆಜ್ಜೆ ಹಾಕಿ ಹಿಂದೆ ನಡೆಯಿತು. ಅಷ್ಟು ನಿಧಾನಕ್ಕೆ ಆ ಊರು ಯಾವತ್ತೂ ನಡೆದಿರಲಿಲ್ಲ. ಅರಸ ಬದುವಿನ ಮೇಲೆ ಕೂತು ಕೈಯಿಂದ ಮಣ್ಣು ಮುಟ್ಟಿ ಮುಟ್ಟಿ ನೋಡಿದ. ತನಗೆ ತಿಳಿಯುತ್ತಿಲ್ಲ, ಇಬ್ಬರೂ ಮೊದಲಿನಿಂದ ಹೇಳಿ ಅಂದ. ಇಬ್ಬರೂ ಹೇಳಿದರು. ಹೇಳುತ್ತಾ ಹೇಳುತ್ತಾ ಅವರಿಗೇ ನಾಚಿಕೆಯಾಗಿ, ಬದುವನ್ನು ಎರಡು ಮೊಳ ಆಚೆಗೆ ಹಾಕಿಕೊಳ್ಳೋಣ ಅಂತ ಒಪ್ಪಿಕೊಂಡರು. ನಾಳೆ ನಮ್ಮ ಕಾಲುವೆಯ ಹತ್ತಿರವೂ ಬರಬೇಕು ಅಂತ ಇನ್ನೊಬ್ಬ ಕರೆದ. ಗಡಿಕಲ್ಲಿನ ಮಾತನ್ನು ಯಾರೂ ಎತ್ತಲಿಲ್ಲ.

ಮಾರನೆಯ ದಿನ ಆ ಊರಿನವರು ಆ ಊರಿನವರೇ ಅಂತ ತೋರಿಸಿಕೊಂಡರು. ಕೆರೆಯಂಚಿನಲ್ಲಿ ಅರಸನ ಮೊದಲ ಹೆಜ್ಜೆ ಮೂಡಿದ್ದ ಜಾಗಕ್ಕೆ ಸುತ್ತ ಕಲ್ಲಿಟ್ಟು, ಅರಿಸಿನ ಕುಂಕುಮ ಹಾಕಿ, ಇದನ್ನು ಯಾರೂ ತುಳಿಯಬಾರದು ಅಂತ ಕಟ್ಟು ಮಾಡಿದರು. ಆದರೆ ಅರಸ ಅವತ್ತು ಕಾಲುವೆಯ ತನಕ ನಡೆದ. ಮುನ್ನೂರು ಹೆಜ್ಜೆ. ಅಷ್ಟಕ್ಕೂ ಕಲ್ಲಿಟ್ಟರು. ಅದರ ಮರುದಿನ ಅವನು ಕುಂಬಾರರ ಕೇರಿಗೆ ಹೋಗಿ, ಸಂತೆಮಾಳಕ್ಕೆ ಹೋಗಿ, ದಾರಿ ತಪ್ಪಿ ಒಬ್ಬಳ ಹಿತ್ತಿಲಿಗೂ ಹೋಗಿ ಬಂದ. ಊರಲ್ಲಿ ಕಲ್ಲು ಮುಗಿದವು, ಅರಿಸಿನವೂ ಮುಗಿಯಿತು. ನೀರಿಗೆ ಬಂದ ಹೆಂಗಸರು ತುಳಿದರು, ಕುರಿಮಂದೆ ತುಳಿಯಿತು.

ಮೂರನೆಯ ದಿನ ಸಂಜೆ ಹಿರಿ ಹೆಗಲಾಳು ಕೂಸನ್ನು ಎತ್ತಿಕೊಂಡು ಕೆರೆಯ ದಂಡೆಗೆ ಬಂದ. ಅರಸನ ಹೆಜ್ಜೆ ಇಂಥದೇ ಅಂತ ಅದಕ್ಕೆ ತೋರಿಸಬೇಕು, ಅದರ ಮೇಲೆ ಒಂದು ದೊಡ್ಡ ಕಥೆ ಕಟ್ಟಬೇಕು ಅಂತ ಹುಡುಕಿದ. ಮಣ್ಣಿನ ತುಂಬಾ ಹೆಜ್ಜೆಗಳು, ಒಂದರ ಮೇಲೊಂದು. ಬಹಳ ಹೊತ್ತು ಹುಡುಕಿದ ಮೇಲೆ ಸ್ವಲ್ಪ ವಾರೆಯಾಗಿ, ಒಂದು ಕಡೆ ಒತ್ತಿ ಊರಿದ ಹೆಜ್ಜೆಯೊಂದು ಕಂಡಿತು. ಅದು ಅರಸನದೋ ತನ್ನದೋ ಅಂತ ಎಷ್ಟು ಬಗ್ಗಿ ನೋಡಿದರೂ ಅವನಿಗೆ ತಿಳಿಯಲಿಲ್ಲ.